ಹೆಸರಿಗಷ್ಟೇ ಸ್ಟಾರ್: ಆಕಾಶದ ಇಂಗ್ಲಿಷ್ ಪದಗಳನ್ನು ಕಲಿಯುವವರಿಗೆ

ಡ್ವಾರ್ಫ್ ಸ್ಟಾರ್, ಅಂದರೆ ಕುಬ್ಜ ನಕ್ಷತ್ರ, ಒಂದು ಸ್ಟಾರ್. ನಮ್ಮ ಸೂರ್ಯನೂ ಆ ಗುಂಪಿನವನೇ. ಡ್ವಾರ್ಫ್ ಪ್ಲಾನೆಟ್ ಮಾತ್ರ ಪ್ಲಾನೆಟ್ ಅಲ್ಲ. ಶೂಟಿಂಗ್ ಸ್ಟಾರ್ ಎನ್ನುವುದು ಉರಿದುಹೋಗುವ ಕಲ್ಲಿನ ಚೂರು. ಮಾರ್ನಿಂಗ್ ಸ್ಟಾರ್ ಎಂದರೆ ನಮ್ಮ ಹಳ್ಳಿಯವರು ಬೆಳ್ಳಿಚುಕ್ಕಿ ಎನ್ನುವ ಶುಕ್ರಗ್ರಹ. ಪ್ಲಾನೆಟರಿ ನೆಬ್ಯುಲಾಕ್ಕೂ ಪ್ಲಾನೆಟ್‌ಗೂ ಸಂಬಂಧವೇ ಇಲ್ಲ. ಲೈಟ್ ಇಯರ್‌ನಿಂದ ಅಳೆಯುವುದು ದೂರವನ್ನು. ಹೊಳಪಿನ ಅಳತೆಯಾದ ಮ್ಯಾಗ್ನಿಟ್ಯೂಡ್ ಹೆಚ್ಚಿದಷ್ಟೂ ನಕ್ಷತ್ರ ಮಂಕು.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರು ಈ ಪದಗಳ ಮುಂದೆ ತಡವರಿಸಿದರೆ ಅದು ಅವರ ಇಂಗ್ಲಿಷಿನ ಕೊರತೆಯಲ್ಲ. ಇಂಗ್ಲಿಷನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುವವರೂ ಇಲ್ಲಿ ಎಡವುತ್ತಾರೆ. ಪದವನ್ನು ತುಂಡು ಮಾಡಿ, ತುಂಡುಗಳ ಅರ್ಥ ಕೂಡಿಸುವ ವಿದ್ಯೆ ಬಯಾಲಜಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಖಗೋಳದಲ್ಲಿ ಕೈಕೊಡುತ್ತದೆ. ಏಕೆಂದರೆ ಇಲ್ಲಿನ ಬಹುಪಾಲು ಹೆಸರುಗಳು ಮೊದಲು ನೋಡಿದವರ ಊಹೆಗಳು. ಊಹೆ ತಪ್ಪೆಂದು ಆಮೇಲೆ ಗೊತ್ತಾಯಿತು, ಆದರೆ ಅಷ್ಟರಲ್ಲಿ ಹೆಸರು ಪುಸ್ತಕಕ್ಕೆ ಏರಿಬಿಟ್ಟಿತ್ತು. ಹಾಗಾಗಿ ನಿಘಂಟು ತೆರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹೀಗೆ ಕರೆದವರ ಕಣ್ಣಿಗೆ ಆಗ ಏನು ಕಂಡಿತ್ತು?

ಪ್ಲಾನೆಟ್, ಮೂನ್, ಆಸ್ಟರಾಯ್ಡ್

ಪ್ಲಾನೆಟ್ ಎಂಬುದರ ಗ್ರೀಕ್ ಮೂಲಕ್ಕೆ ಅಲೆಮಾರಿ ಎಂದರ್ಥ. ಮಿಕ್ಕ ಚುಕ್ಕಿಗಳೆಲ್ಲ ತಮ್ಮ ತಮ್ಮ ಜಾಗ ಬಿಟ್ಟು ಕದಲದೆ ಕೂತಿದ್ದರೆ, ಕೆಲವು ಮಾತ್ರ ದಿನದಿಂದ ದಿನಕ್ಕೆ ಅವುಗಳ ನಡುವೆ ಸರಿಯುತ್ತಿದ್ದವು. ಸರಿಯುವುದೇ ಲಕ್ಷಣವಾದರೆ ಸೂರ್ಯ, ಚಂದ್ರರೂ ಪ್ಲಾನೆಟ್‌ಗಳೇ, ಭೂಮಿ ಅಲ್ಲ. ನಮ್ಮ ನವಗ್ರಹಗಳ ಪಟ್ಟಿಯೂ ಇದೇ ಲೆಕ್ಕದ್ದು. ಅದರಲ್ಲಿ ರಾಹು ಕೇತುಗಳು ಹೆಚ್ಚು. ಚಂದ್ರನ ದಾರಿ ಸೂರ್ಯನ ದಾರಿಯನ್ನು ಅಡ್ಡಹಾಯುವ ಎರಡು ಬಿಂದುಗಳಿಗೆ ನಾವಿಟ್ಟ ಹೆಸರುಗಳು ಅವು. ಇಂಗ್ಲಿಷಿನಲ್ಲಿ ಅವಕ್ಕೆ ನೋಡ್ ಎನ್ನುತ್ತಾರೆ: ರಾಹು ಅಸೆಂಡಿಂಗ್ ನೋಡ್, ಕೇತು ಡಿಸೆಂಡಿಂಗ್ ನೋಡ್. ಗ್ರಹಣಗಳು ಆ ಬಿಂದುಗಳ ಹತ್ತಿರದಲ್ಲೇ ಆಗುವುದರಿಂದ ಹಳಬರ ಲೆಕ್ಕ ಸರಿಯಾಗಿಯೇ ಇತ್ತು.

1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ನಡುವೆ ಕೂರಿಸಿದ ಮೇಲೆ ಪಟ್ಟಿ ಬದಲಾಯಿತು. ಸೂರ್ಯ ಹೊರಬಿದ್ದ, ಭೂಮಿ ಒಳಗೆ ಬಂತು, ಚಂದ್ರ ಎಲ್ಲೂ ಸಲ್ಲದಂತಾದ. 1610ರಲ್ಲಿ ಗೆಲಿಲಿಯೊ ಗುರುವಿನ ಸುತ್ತ ನಾಲ್ಕು ಚುಕ್ಕಿಗಳನ್ನು ಕಂಡ. ಮರುವರ್ಷವೇ ಕೆಪ್ಲರ್ ಅವಕ್ಕೆ ಸ್ಯಾಟಲೈಟ್ ಎಂಬ ಪದ ಬಳಸಿದ. ಲ್ಯಾಟಿನ್‌ನಲ್ಲಿ ಅದು ದೊಡ್ಡವರ ಹಿಂದೆಮುಂದೆ ಓಡಾಡುವ ಕಾವಲಿನವನನ್ನು ಸೂಚಿಸುವ ಪದ. ಇಂದು ಪತ್ರಿಕೆಯಲ್ಲಿ ಬರಿದೇ ಸ್ಯಾಟಲೈಟ್ ಎಂದಿದ್ದರೆ ಇಸ್ರೊದಂಥವರು ಹಾರಿಸಿದ್ದು ಎಂದೇ ತಿಳಿಯಬೇಕು. ನೈಸರ್ಗಿಕವಾದದ್ದಕ್ಕೆ ಮೂನ್ ಎಂಬುದೇ ರೂಢಿ. ಮುಂದೆ ‘ದಿ’ ಇದ್ದು ದೊಡ್ಡ ಅಕ್ಷರದಿಂದ ಶುರುವಾದರೆ ನಮ್ಮ ಚಂದ್ರ. ಚಿಕ್ಕ ಅಕ್ಷರದಲ್ಲಿದ್ದರೆ ಯಾವುದೇ ಗ್ರಹದ ಉಪಗ್ರಹ. ಸೂರ್ಯನಿಗೂ ‘ದಿ’ ಬೇಕು. ಮಾರ್ಸ್, ಜುಪಿಟರ್, ವೀನಸ್‌ಗಳಿಗೆ ಬೇಡ. ಭೂಮಿಗೆ ಎರಡೂ ನಡೆಯುತ್ತದೆ.

ಇನ್ನು ಸಿರೀಸ್‌ನ ಕಥೆ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಪಿಯಾಟ್ಸಿ ಎಂಬ ಪಾದ್ರಿ ಅದನ್ನು ಕಂಡುಹಿಡಿದಾಗ ಎಲ್ಲರೂ ಹೊಸ ಪ್ಲಾನೆಟ್ ಎಂದರು. ಅದೇ ಜಾಡಿನಲ್ಲಿ ಇನ್ನೊಂದು ಸಿಕ್ಕಿತು. 1802ರಲ್ಲಿ ವಿಲಿಯಂ ಹರ್ಷೆಲ್ ತನ್ನ ಒಳ್ಳೆಯ ದೂರದರ್ಶಕದಲ್ಲಿ ನೋಡಿದರೆ ಗ್ರಹಗಳಂತೆ ದುಂಡು ತಟ್ಟೆ ಕಾಣಲಿಲ್ಲ, ನಕ್ಷತ್ರದಂತೆ ಬರೀ ಚುಕ್ಕಿ. ಅದಕ್ಕೇ ಆತ ಆಸ್ಟರಾಯ್ಡ್ ಎಂದ, ನಕ್ಷತ್ರದಂಥದ್ದು ಎಂದರ್ಥ. ನಕ್ಷತ್ರದ ಗುಣ ಅದರಲ್ಲಿ ಒಂದೂ ಇಲ್ಲ. ಸಿರೀಸ್ ಸುಮಾರು 940 ಕಿ.ಮೀ. ಅಡ್ಡಳತೆಯ, ಕಲ್ಲು ಮತ್ತು ಮಂಜುಗಡ್ಡೆಯ ಗುಂಡು. ದೂರದಿಂದ ಕಂಡ ಬಗೆಯಷ್ಟೇ ಹೆಸರಾಗಿ ಉಳಿಯಿತು. 2006ರಲ್ಲಿ ಪ್ರಾಗ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲಾನೆಟ್ ಆಗಲು ಮೂರು ಷರತ್ತು ಹಾಕಿತು: ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದ ದುಂಡಗಾಗಿರಬೇಕು, ತನ್ನ ಹಾದಿಯ ಆಸುಪಾಸಿನಲ್ಲಿ ಬೇರೆ ಪ್ರಬಲ ಕಾಯಗಳನ್ನು ಉಳಿಸಿರಬಾರದು. ಮೂರನೆಯದರಲ್ಲಿ ಪ್ಲೂಟೊ ಸೋತಿತು. ಸಿರೀಸ್ ಕೂಡ ಸೋತಿತು, ಆದರೆ ದುಂಡಗಿದ್ದುದರಿಂದ ಡ್ವಾರ್ಫ್ ಪ್ಲಾನೆಟ್ ಎಂಬ ಹೊಸ ವರ್ಗಕ್ಕೆ ಸೇರಿತು. ‘ಡ್ವಾರ್ಫ್ ಪ್ಲಾನೆಟ್ ಪ್ಲಾನೆಟ್ ಅಲ್ಲ’ ಎಂಬ ವಿಚಿತ್ರ ವಾಕ್ಯ ಹುಟ್ಟಿದ್ದು ಹೀಗೆ. ಇಂಗ್ಲಿಷ್ ವ್ಯಾಕರಣಕ್ಕೆ ಇದು ಒಗ್ಗದ ಮಾತು, ಖಗೋಳ ವಿಜ್ಞಾನಿಗಳಲ್ಲೇ ಹಲವರಿಗೆ ಇದರ ಬಗ್ಗೆ ಇಂದಿಗೂ ಮುನಿಸಿದೆ. ಆ ಮುನಿಸು ನ್ಯಾಯವಾದದ್ದೆಂದೇ ನನಗನಿಸುತ್ತದೆ.

ಒಂದೇ ಕಲ್ಲಿಗೆ ಮೂರು ಹೆಸರು

ಮೀಟಿಯರಾಯ್ಡ್, ಮೀಟಿಯರ್, ಮೀಟಿಯರೈಟ್. ಪರೀಕ್ಷೆಯಲ್ಲೂ ಪತ್ರಿಕೆಯಲ್ಲೂ ಅತಿ ಹೆಚ್ಚು ಕಲಸಿಹೋಗುವ ಮೂರು ಪದಗಳಿವು. ಬಾಹ್ಯಾಕಾಶದಲ್ಲಿ ಅಲೆಯುತ್ತಿರುವ ಕಲ್ಲು ಅಥವಾ ಕಬ್ಬಿಣದ ಚೂರು ಮೀಟಿಯರಾಯ್ಡ್. ಮರಳಿನ ಕಣದಷ್ಟಿದ್ದರೂ ಸರಿ, ಆಳೆತ್ತರದ ಬಂಡೆಗಿಂತ ತುಸು ಚಿಕ್ಕದಿದ್ದರೂ ಸರಿ. ಅದಕ್ಕಿಂತ ದೊಡ್ಡದಾದರೆ ಆಸ್ಟರಾಯ್ಡ್ ಎನ್ನುತ್ತಾರೆ. ಈ ಚೂರು ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿದಾಗ ಅದರ ಮುಂದಿನ ಗಾಳಿ ಹಠಾತ್ತನೆ ಒತ್ತಿಕೊಂಡು ಬಿಸಿಯಾಗುತ್ತದೆ. ನೆಲದಿಂದ 100 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಫಳ್ಳನೆ ಒಂದು ಗೆರೆ ಎಳೆದಂತೆ ಬೆಳಕು. ಆ ಬೆಳಕೇ ಮೀಟಿಯರ್. ಉರಿದು ಮುಗಿಯದೆ ನೆಲಕ್ಕೆ ಬಿದ್ದು ಕೈಗೆ ಸಿಗುವ ತುಂಡು ಮೀಟಿಯರೈಟ್.

ಅಂದರೆ ಮೀಟಿಯರ್ ವಸ್ತುವಲ್ಲ, ಘಟನೆ. ಮೀಟಿಯರ್ ಹೊಲಕ್ಕೆ ಬೀಳಲಾರದು, ಮ್ಯೂಸಿಯಮ್ಮಿನಲ್ಲಿ ಇಡಲಾಗದು. ಪದಗಳ ಬಾಲ ನೋಡಿದರೆ ನೆನಪಿಟ್ಟುಕೊಳ್ಳುವುದು ಸುಲಭ. ‘ಐಟ್’ ಎಂಬ ಬಾಲ ಕಲ್ಲುಗಳಿಗೆ, ಖನಿಜಗಳಿಗೆ ಹತ್ತುವಂಥದ್ದು: ಗ್ರಾನೈಟ್, ಸಂಡೂರಿನ ಹೆಮಟೈಟ್, ಕುದುರೆಮುಖದ ಮ್ಯಾಗ್ನಟೈಟ್. ನೆಲದಲ್ಲಿ ಸಿಕ್ಕಿದ್ದಕ್ಕೆ ಆ ಬಾಲ. ‘ಆಯ್ಡ್’ ಎಂದರೆ ಅದರಂಥದ್ದು.

ಹಾಗಾದರೆ ಹವಾಮಾನ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿ ಮೀಟಿಯರ್ ಏಕಿದೆ? ಇಂಡಿಯಾ ಮೀಟಿಯರಲಾಜಿಕಲ್ ಡಿಪಾರ್ಟ್‌ಮೆಂಟಿನವರು ಉಲ್ಕೆ ಎಣಿಸುವವರಲ್ಲವಲ್ಲ. ಗ್ರೀಕರಿಗೆ ಮೀಟಿಯರ್ ಎಂದರೆ ಗಾಳಿಯಲ್ಲಿ ಮೇಲೆ ಕಾಣುವ ಏನಾದರೂ ಸರಿ. ಮಳೆ, ಆಲಿಕಲ್ಲು, ಕಾಮನಬಿಲ್ಲು, ಉಲ್ಕೆ ಎಲ್ಲವೂ ಒಂದೇ ಗುಂಪು. ಉಲ್ಕೆ ಹೊರಗಿನಿಂದ ಬರುವುದೆಂದು ಒಪ್ಪಿಗೆಯಾದದ್ದು ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ. ಅಷ್ಟರಲ್ಲಿ ಮೀಟಿಯರಾಲಜಿ ಮಳೆಗಾಳಿಯ ಪಾಲಾಗಿತ್ತು, ಮೀಟಿಯರ್ ಉಲ್ಕೆಯ ಪಾಲಾಗಿತ್ತು.

ಮೀಟಿಯರ್ ಶವರ್ ಎನ್ನುವುದಕ್ಕೆ ಅದು ಯಾವ ನಕ್ಷತ್ರಪುಂಜದ ದಿಕ್ಕಿನಿಂದ ಚಿಮ್ಮಿದಂತೆ ಕಾಣುತ್ತದೋ ಆ ಪುಂಜದ ಹೆಸರು. ಜೆಮಿನಿ ಕಡೆಯಿಂದ ಬಂದರೆ ಜೆಮಿನಿಡ್ಸ್, ಡಿಸೆಂಬರ್ 14ರ ಸುಮಾರಿಗೆ. ಇಂಗ್ಲಿಷ್ ಪುಸ್ತಕಗಳು ಕೊಂಡಾಡುವ ಪರ್ಸಿಡ್ಸ್ ಆಗಸ್ಟ್ ನಡುವಿನದು. ನಮ್ಮ ಮಲೆನಾಡಿನಲ್ಲಿ ಆಗ ಮೋಡ ಬಿಟ್ಟರೆ ಬೇರೇನೂ ಕಾಣದು. ಕಾಮೆಟ್ ಬೇರೆ ಜಾತಿಯದು, ಧೂಳು ಬೆರೆತ ಮಂಜುಗಡ್ಡೆ. ಸೂರ್ಯನ ಹತ್ತಿರ ಬಂದಾಗ ಆವಿಯಾಗಿ ತಲೆಯ ಸುತ್ತ ಹಬ್ಬುವ ಮಸುಕಿಗೆ ಕೋಮಾ ಎಂದು ಹೆಸರು. ಕಾಮೆಟ್, ಕೋಮಾ ಎರಡರ ಮೂಲವೂ ಗ್ರೀಕಿನ ಕೂದಲು. ಆಸ್ಪತ್ರೆಯ ಕೋಮಾದ ಮೂಲ ಬೇರೆ. ಕಾಮೆಟ್‌ಗೆ ಕಂಡುಹಿಡಿದವರ ಹೆಸರಿಡುವುದು ರೂಢಿ. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ವೇಣು ಬಾಪು ಒಂದನ್ನು ಪತ್ತೆ ಹಚ್ಚಿದರು, ಅದು ಬಾಪು-ಬಾಕ್-ನ್ಯೂಕರ್ಕ್ ಕಾಮೆಟ್. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ನೆಬ್ಯುಲಾ, ನೋವಾ, ಮೆಟಲ್

ಮಸುಕಾಗಿ ಮೋಡದಂತೆ ಕಂಡದ್ದೆಲ್ಲ ಹಿಂದೆ ನೆಬ್ಯುಲಾ. ಆಂಡ್ರೊಮಿಡಾವನ್ನೂ ಹಾಗೇ ಕರೆಯುತ್ತಿದ್ದರು. ಅದು ನಮ್ಮದರಂಥದೇ ಇನ್ನೊಂದು ಗ್ಯಾಲಕ್ಸಿ (ನಕ್ಷತ್ರಗಳ ಮಹಾಸಮೂಹ), ಸುಮಾರು 25 ಲಕ್ಷ ಲೈಟ್ ಇಯರ್ ಆಚೆಗಿದೆ. ಇಂದು ನೆಬ್ಯುಲಾ ಎಂದರೆ ಗ್ಯಾಲಕ್ಸಿಯೊಳಗಿನ ಅನಿಲ, ಧೂಳಿನ ಮೋಡ ಮಾತ್ರ. ಹಳೆಯ ಪುಸ್ತಕದಲ್ಲಿ ಆಂಡ್ರೊಮಿಡಾ ನೆಬ್ಯುಲಾ ಎಂದಿದ್ದರೆ ಗಾಬರಿಯಾಗಬೇಡಿ.

ಹರ್ಷೆಲ್ 1780ರ ದಶಕದಲ್ಲಿ ಕೆಲವು ನೆಬ್ಯುಲಾಗಳು ದುಂಡಗೆ, ಯುರೇನಸ್ಸಿನ ತಟ್ಟೆಯಂತೆ ಕಂಡವೆಂದು ಪ್ಲಾನೆಟರಿ ಎಂದು ಕರೆದ. 1864ರಲ್ಲಿ ವಿಲಿಯಂ ಹಗಿನ್ಸ್ ಅಂಥದೊಂದರ ಬೆಳಕನ್ನು ಸ್ಪೆಕ್ಟ್ರೊಸ್ಕೋಪಿನಲ್ಲಿ ಬಿಡಿಸಿ ನೋಡಿದಾಗ ಅದು ಹೊಳೆಯುವ ಅನಿಲವೆಂದು ತಿಳಿಯಿತು. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ತನ್ನ ಹೊರಪದರಗಳನ್ನು ಕಳಚಿ ಚೆಲ್ಲಿದಾಗ ಉಂಟಾಗುವ ಚಿಪ್ಪು ಅದು. ಆಸ್ಟರಾಯ್ಡ್ ಎಂಬ ಪದವೂ ಇದೇ ಪುಣ್ಯಾತ್ಮನದು. ದೂರದರ್ಶಕ ಕಟ್ಟುವುದರಲ್ಲಿ ಹರ್ಷೆಲ್‌ಗೆ ಸಾಟಿಯಿರಲಿಲ್ಲ, ಹೆಸರಿಡುವುದರಲ್ಲಿ ಮಾತ್ರ ಅದೃಷ್ಟ ಸಾಲದು.

ನೋವಾ ಎಂದರೆ ಲ್ಯಾಟಿನ್‌ನಲ್ಲಿ ಹೊಸದು. ಇಲ್ಲದ ಜಾಗದಲ್ಲಿ ದಿಢೀರನೆ ನಕ್ಷತ್ರ ಕಂಡರೆ ಹೊಸದು ಹುಟ್ಟಿತೆಂದೇ ಅನಿಸುವುದು ಸಹಜ; 1572ರಲ್ಲಿ ಕ್ಯಾಸಿಯೋಪಿಯಾ ಪುಂಜದಲ್ಲಿ ಅಂಥದ್ದನ್ನು ಕಂಡ ಟೈಕೋ ಬ್ರಾಹೆ ಹಾಗೇ ಬರೆದ. ನಿಜದಲ್ಲಿ ಅದು ಅದುವರೆಗೆ ಕಣ್ಣಿಗೆ ಬೀಳದಿದ್ದ ಹಳೆಯ ನಕ್ಷತ್ರದ ಸಿಡಿತ. ಆಮೇಲೆ ಎರಡು ಬಗೆ ಬೇರೆಯಾದವು. ವೈಟ್ ಡ್ವಾರ್ಫ್ (ಉರುವಲು ಮುಗಿದ ನಕ್ಷತ್ರದ ಉಳಿದ ತಿರುಳು) ಪಕ್ಕದ ನಕ್ಷತ್ರದಿಂದ ಸೆಳೆದುಕೊಂಡ ಹೈಡ್ರೋಜನ್ ಮೇಲ್ಮೈಯಲ್ಲಿ ಸಿಡಿದರೆ ನೋವಾ, ನಕ್ಷತ್ರ ಉಳಿದುಕೊಳ್ಳುತ್ತದೆ. ನಕ್ಷತ್ರವೇ ಸ್ಫೋಟಿಸಿದರೆ ಸೂಪರ್‌ನೋವಾ. ಈ ಎರಡನೆಯ ಪದವನ್ನು ಚಲಾವಣೆಗೆ ತಂದವರು 1930ರ ದಶಕದಲ್ಲಿ ಬಾಡೆ ಮತ್ತು ಸ್ವಿಕಿ. ಟೈಕೋ ಕಂಡದ್ದು ಸೂಪರ್‌ನೋವಾ. ಬಹುವಚನ ನೆಬ್ಯುಲೀ, ಸೂಪರ್‌ನೋವೀ ಎಂದಾಗುತ್ತದೆ. ಸೂಪರ್‌ನೋವಾಸ್ ಎಂದರೂ ಯಾರೂ ಅಂಕ ಕಳೆಯುವುದಿಲ್ಲ.

ಪಿಯುಸಿ ಕೆಮಿಸ್ಟ್ರಿ ಓದಿದವರನ್ನು ಬೆಚ್ಚಿಬೀಳಿಸುವ ಪದವೆಂದರೆ ಮೆಟಲ್. ಖಗೋಳದವರಿಗೆ ಹೈಡ್ರೋಜನ್, ಹೀಲಿಯಂ ಬಿಟ್ಟು ಮಿಕ್ಕಿದ್ದೆಲ್ಲ ಮೆಟಲ್. ಆಕ್ಸಿಜನ್ ಮೆಟಲ್, ಕಾರ್ಬನ್ ಮೆಟಲ್! ಸೂರ್ಯನ ದ್ರವ್ಯದಲ್ಲಿ ಆ ಎರಡು ಅನಿಲಗಳದ್ದೇ ಶೇ. 98ಕ್ಕೂ ಹೆಚ್ಚು ಪಾಲಾದ್ದರಿಂದ ಉಳಿದವನ್ನು ಒಟ್ಟಾಗಿ ಕಟ್ಟಿಡಲು ಅವರಿಗೊಂದು ಪದ ಬೇಕಿತ್ತು. ‘ಹೈಡ್ರೋಜನ್ ಬರ್ನಿಂಗ್’ ಎಂಬುದೂ ಅಂಥದ್ದೇ. ಅಲ್ಲಿ ಬೆಂಕಿಯಿಲ್ಲ, ನಾಲ್ಕು ಹೈಡ್ರೋಜನ್ ಬೀಜಗಳು (ನ್ಯೂಕ್ಲಿಯಸ್‌ಗಳು) ಹಂತಹಂತವಾಗಿ ಬೆಸೆದು ಒಂದು ಹೀಲಿಯಂ ಬೀಜವಾಗುತ್ತದೆ. ಸೂರ್ಯನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಬದಲಾಗುತ್ತಿದೆ.

ದೂರ ಮತ್ತು ಹೊಳಪು

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ. ಒಂದು ವರ್ಷ ಓಡಿದರೆ 9.46 ಲಕ್ಷ ಕೋಟಿ ಕಿ.ಮೀ. ಆ ದೂರವೇ ಒಂದು ಲೈಟ್ ಇಯರ್. ಆದ್ದರಿಂದ ‘ಲೈಟ್ ಇಯರ್ಸ್ ಅಗೋ’ ಎಂದು ಕಾಲಕ್ಕೆ ಬಳಸುವುದು ತಪ್ಪು, ‘ಲೈಟ್ ಇಯರ್ಸ್ ಅವೇ’ ಸರಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ಸೆಂಟಾರಿ 4.24 ಲೈಟ್ ಇಯರ್ ಆಚೆಗಿದೆ. ಸೌರವ್ಯೂಹದೊಳಗೆ ಇಷ್ಟು ದೊಡ್ಡ ಅಳತೆಗೋಲು ಬೇಡ; ಅಲ್ಲಿ ಆಸ್ಟ್ರನಾಮಿಕಲ್ ಯೂನಿಟ್, ಅಂದರೆ ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರ, ಸುಮಾರು 14.96 ಕೋಟಿ ಕಿ.ಮೀ. ಪತ್ರಿಕೆಗಳು ಲೈಟ್ ಇಯರ್ ಎಂದು ಬರೆಯುತ್ತವೆ, ಸಂಶೋಧಕರು ಹೆಚ್ಚಾಗಿ ಪಾರ್ಸೆಕ್ ಎನ್ನುತ್ತಾರೆ. ಒಂದು ಪಾರ್ಸೆಕ್ 3.26 ಲೈಟ್ ಇಯರ್‌ಗೆ ಸಮ.

ಮ್ಯಾಗ್ನಿಟ್ಯೂಡ್ ತಲೆಕೆಳಗಾಗಿರುವುದಕ್ಕೆ ಕಾರಣ ಎರಡು ಸಾವಿರ ವರ್ಷ ಹಳೆಯದು. ಗ್ರೀಕರು ಅತಿ ಪ್ರಕಾಶದ ನಕ್ಷತ್ರಗಳನ್ನು ಮೊದಲನೆಯ ದರ್ಜೆಗೆ, ಕಷ್ಟಪಟ್ಟು ಕಾಣುವವನ್ನು ಆರನೆಯದಕ್ಕೆ ಸೇರಿಸಿದ್ದರು. ಪರೀಕ್ಷೆಯ ರ‍್ಯಾಂಕಿನಂತೆ ಅಂದುಕೊಳ್ಳಿ, ಒಂದನೆಯದೇ ದೊಡ್ಡದು. ಇದನ್ನು ಗಣಿತಕ್ಕೆ ಕಟ್ಟಿದವರು ನಾರ್ಮನ್ ಪಾಗ್ಸನ್. ಐದು ದರ್ಜೆಯ ಅಂತರವೆಂದರೆ ಸರಿಯಾಗಿ ನೂರು ಪಟ್ಟು ಹೊಳಪಿನ ಅಂತರ, ಹಾಗಾಗಿ ಒಂದು ದರ್ಜೆಗೆ ಸುಮಾರು 2.5 ಪಟ್ಟು ಎಂದು ಅವರು 1856ರಲ್ಲಿ ಸೂಚಿಸಿದರು. ಕೆಲವೇ ವರ್ಷಗಳಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದು 1861ರಲ್ಲಿ ಅಲ್ಲಿಂದಲೇ ಒಂದು ಆಸ್ಟರಾಯ್ಡ್ ಕಂಡುಹಿಡಿದರು. ಅದರ ಹೆಸರು ಏಷ್ಯಾ. ಆ ವೀಕ್ಷಣಾಲಯವೇ ಕೊಡೈಕನಾಲ್ ಹಾದು ಇಂದಿನ ಬೆಂಗಳೂರಿನ ತಾರಾಭೌತ ಸಂಸ್ಥೆಯಾಗಿ ಬೆಳೆಯಿತು. ಮೊದಲನೆಯದಕ್ಕಿಂತಲೂ ಹೊಳೆಯುವವು ಸೊನ್ನೆಗೆ, ಅಲ್ಲಿಂದ ಋಣಸಂಖ್ಯೆಗೆ ಹೋಗುತ್ತವೆ: ಸಿರಿಯಸ್ ಅಂದರೆ ಲುಬ್ಧಕ ಮೈನಸ್ 1.46, ಹುಣ್ಣಿಮೆಯ ಚಂದ್ರ ಮೈನಸ್ 12.7ರ ಹತ್ತಿರ, ಸೂರ್ಯ ಮೈನಸ್ 26.7.

ಚಂದ್ರ, ಗ್ರಹಣ, ಸುತ್ತು

ಫಸ್ಟ್ ಕ್ವಾರ್ಟರ್ ದಿನ ಚಂದ್ರನ ಬಿಂಬ ಅರ್ಧ ಬೆಳಗಿರುತ್ತದೆ. ಕ್ವಾರ್ಟರ್ ಎಂದದ್ದು ಬಿಂಬಕ್ಕಲ್ಲ, ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗಿನ ಸುತ್ತಿನ ಕಾಲುಭಾಗ ಮುಗಿಯಿತೆಂದು. ನಮ್ಮ ಲೆಕ್ಕದಲ್ಲಿ ಶುಕ್ಲ ಅಷ್ಟಮಿಯ ಆಸುಪಾಸು. ನ್ಯೂ ಮೂನ್ ಎಂದರೆ ಅಮಾವಾಸ್ಯೆ, ಕಾಣದ ಚಂದ್ರ. ವ್ಯಾಕ್ಸಿಂಗ್ ಶುಕ್ಲಪಕ್ಷಕ್ಕೆ, ವೇನಿಂಗ್ ಕೃಷ್ಣಪಕ್ಷಕ್ಕೆ. ಅರ್ಧಕ್ಕಿಂತ ಕಡಿಮೆ ಕ್ರೆಸೆಂಟ್, ಹೆಚ್ಚಾದರೆ ಗಿಬ್ಬಸ್. ಪಂಚಾಂಗ ನೋಡುವ ಮನೆಯವರಿಗೆ ಇವು ಎರಡು ದಿನದ ಪಾಠ.

ಡಾರ್ಕ್ ಸೈಡ್ ಎಂಬ ಮಾತನ್ನು ಮಾತ್ರ ಬಿಟ್ಟುಬಿಡಿ. ಚಂದ್ರ ಭೂಮಿಯನ್ನು ಸುತ್ತಲು ತೆಗೆದುಕೊಳ್ಳುವ 27.3 ದಿನದಲ್ಲೇ ತನ್ನ ಸುತ್ತ ಒಮ್ಮೆ ತಿರುಗುವುದರಿಂದ ಒಂದೇ ಮುಖ ನಮ್ಮ ಕಡೆಗಿರುತ್ತದೆ. ಆ ಇನ್ನೊಂದು ಮುಖಕ್ಕೂ ಹಗಲು ರಾತ್ರಿ ಉಂಟು. ಅದು ಫಾರ್ ಸೈಡ್. 1959ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟದ ಲೂನಾ 3 ಫೋಟೊ ತೆಗೆಯುವವರೆಗೆ ಯಾರೂ ಅದನ್ನು ಕಂಡಿರಲಿಲ್ಲ. ಚಂದ್ರನ ಕಪ್ಪು ಬಯಲುಗಳಿಗೆ ಮಾರೆ, ಬಹುವಚನದಲ್ಲಿ ಮಾರಿಯಾ, ಸಮುದ್ರಗಳೆಂದರ್ಥ. ಅಪೊಲೊ 11 ಇಳಿದದ್ದು ಅಂಥ ಒಣ ಸಮುದ್ರದಲ್ಲಿ.

ಗ್ರಹಣದಲ್ಲಿ ಎಡವಿಸುವ ಪದ ಆನ್ಯುಲರ್. ವಾರ್ಷಿಕ ಎಂಬರ್ಥದ ಆನ್ಯುಅಲ್‌ಗೂ ಇದಕ್ಕೂ ನಂಟಿಲ್ಲ. ಇದು ಉಂಗುರದಿಂದ ಬಂದದ್ದು. ಚಂದ್ರ ಭೂಮಿಗೆ ಸುಮಾರು 3.63 ಲಕ್ಷ ಕಿ.ಮೀ.ವರೆಗೆ ಹತ್ತಿರ ಬರುವ ಬಿಂದು ಪೆರಿಜೀ, 4.05 ಲಕ್ಷ ಕಿ.ಮೀ.ವರೆಗೆ ದೂರ ಹೋಗುವ ಬಿಂದು ಅಪೊಜೀ. ದೂರದಲ್ಲಿದ್ದಾಗ ಅವನ ಬಿಂಬ ಚಿಕ್ಕದಾಗಿ, ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಅಂಚು ಉಂಗುರವಾಗಿ ಉಳಿಯುತ್ತದೆ. 2019ರ ಡಿಸೆಂಬರ್ 26ರಂದು ಮಂಗಳೂರಿನವರು ಕಂಡದ್ದು ಆನ್ಯುಲರ್. 1980ರ ಫೆಬ್ರುವರಿ 16ರಂದು ಕಾರವಾರ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದದ್ದು ಟೋಟಲ್. ಸೂರ್ಯನಿಗೆ ಸಂಬಂಧಿಸಿದ ಹತ್ತಿರ ದೂರಗಳಿಗೆ ಪೆರಿಹೀಲಿಯನ್, ಅಪೀಲಿಯನ್. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ನಾವು ಕಂಬಳಿ ಹೊದ್ದಿರುವಾಗ.

ಕ್ರಿಯಾಪದಗಳಲ್ಲಿ ರೊಟೇಟ್ ತನ್ನ ಅಕ್ಷದ ಮೇಲೆ ತಿರುಗುವುದು, ರಿವಾಲ್ವ್ ಇನ್ನೊಂದರ ಸುತ್ತ ಹೋಗುವುದು. ಆದರೆ ದಿನಬಳಕೆಯ ಇಂಗ್ಲಿಷ್ ಈ ನಿಯಮ ಪಾಲಿಸುವುದಿಲ್ಲ. ರಿವಾಲ್ವಿಂಗ್ ಚೇರ್ ತಿರುಗುವುದು ನಿಂತಲ್ಲೇ. ಗೊಂದಲ ಬೇಡವೆಂದರೆ ಆರ್ಬಿಟ್ ಬಳಸಿ, ಅದರ ಮುಂದೆ ‘ಅರೌಂಡ್’ ಹಾಕಬೇಡಿ. ‘ದಿ ಅರ್ತ್ ಆರ್ಬಿಟ್ಸ್ ದಿ ಸನ್’ ಎಂದರೆ ಮುಗಿಯಿತು.

ಮಳೆ ನಕ್ಷತ್ರಗಳ ಇಂಗ್ಲಿಷ್ ಹೆಸರು

‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎನ್ನುವ ರೈತರ ನಾಲಿಗೆಯ ಮೇಲೆ ಆಗಲೇ ಅರ್ಧ ಆಕಾಶವಿದೆ. ಆ ಹೆಸರುಗಳಿಗೆ ಇಂಗ್ಲಿಷ್ ಜೋಡಿ ಹುಡುಕಿಕೊಂಡರೆ ಸಾಕು. ಕೃತ್ತಿಕಾ ಪ್ಲೀಯಡೀಸ್, ರೋಹಿಣಿ ಅಲ್ಡೆಬರಾನ್, ಆರಿದ್ರಾ ಬೀಟಲ್‌ಜ್ಯೂಸ್, ಮಘೆ ರೆಗ್ಯುಲಸ್, ಚಿತ್ತೆ ಸ್ಪೈಕಾ, ಸ್ವಾತಿ ಆರ್ಕ್‌ಟ್ಯೂರಸ್. ಅಲ್ಡೆಬರಾನ್ ಅರಬಿಯ ಪದ, ಹಿಂಬಾಲಿಸುವವನು ಎಂದರ್ಥ. ಪ್ಲೀಯಡೀಸ್ ಮೂಡಿದ ಮೇಲೆ ಅದು ಮೂಡುತ್ತದೆ. ನಮ್ಮ ಪಟ್ಟಿಯಲ್ಲೂ ಕೃತ್ತಿಕಾ ಆದ ಮೇಲೆ ರೋಹಿಣಿ.

ಒಂದು ಎಚ್ಚರಿಕೆ ಬೇಕು. ಆರಿದ್ರಾ ಮಳೆ ಎಂದರೆ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುವ ಎರಡು ವಾರ, ಜೂನ್ ಕೊನೆಯಿಂದ. ಆ ದಿನಗಳಲ್ಲಿ ಮೋಡ ಹರಿದರೂ ಬೀಟಲ್‌ಜ್ಯೂಸ್ ಕಾಣದು, ಅದು ಹಗಲಿನ ಆಕಾಶದಲ್ಲಿರುತ್ತದೆ. ಅರ್ಧ ವರ್ಷ ಕಳೆದು ಡಿಸೆಂಬರ್ ಕೊನೆಗೆ ಕತ್ತಲಾಗುತ್ತಲೇ ಪೂರ್ವಕ್ಕೆ ನೋಡಿದರೆ ಕೆಂಪಗೆ ಎದ್ದಿರುತ್ತದೆ. 2019ರ ಕೊನೆಯಲ್ಲಿ ಹೀಗೆ ನೋಡಿದವರಿಗೆ ಅದು ಎಂದಿನಂತಿರಲಿಲ್ಲ. ಅದರ ಮ್ಯಾಗ್ನಿಟ್ಯೂಡ್ ಸಾಮಾನ್ಯವಾಗಿರುವ 0.5ರ ಆಸುಪಾಸಿನಿಂದ 2020ರ ಫೆಬ್ರುವರಿ ಹೊತ್ತಿಗೆ 1.6ಕ್ಕೆ ಏರಿತು. ಸಂಖ್ಯೆ ಏರಿತೆಂದರೆ ಹೊಳಪು ಇಳಿಯಿತೆಂದು ಈಗ ನಿಮಗೆ ಗೊತ್ತು; ಒಂದು ದರ್ಜೆಗೆ ಎರಡೂವರೆ ಪಟ್ಟು ಎಂದರೆ ಬೆಳಕು ಮೂರನೇ ಒಂದು ಪಾಲಿಗೆ ಬಂದಿತ್ತು. ಸೂಪರ್‌ನೋವಾ ಆಗುತ್ತದೆಂದು ಹಲವರು ಕಾದರು. ನಕ್ಷತ್ರವೇ ಹೊರಚೆಲ್ಲಿದ ಅನಿಲ ತಣಿದು ಧೂಳಾಗಿ ನಮ್ಮ ದಿಕ್ಕಿಗೆ ಅಡ್ಡ ಬಂದಿತ್ತೆಂಬುದು ಆಮೇಲಿನ ಅಧ್ಯಯನಗಳ ವಿವರಣೆ. ಕೆಲವೇ ತಿಂಗಳಲ್ಲಿ ಮ್ಯಾಗ್ನಿಟ್ಯೂಡ್ ಮತ್ತೆ ಕೆಳಗಿಳಿಯಿತು.